ಕೊಟ್ಟಿಗೆಯ ಕರೆಂಟಿಗೆ ಯಾವ ಬ್ರೇಕರ್?

(ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳ ಹಾಲು ಉತ್ಪಾದಕ ಸದಸ್ಯರಿಗಾಗಿ ಮಾಡಿದ ಭಾಷಣದ ಪಠ್ಯ)



ಮೇವು, ಲಸಿಕೆ, ಕೆಚ್ಚಲು ಬಾವು ಇವುಗಳ ಬಗ್ಗೆ ತಾವು ಬಹಳ ಕೇಳಿದ್ದೀರಿ. ಇಂದು ಕೊಟ್ಟಿಗೆಯ ಗೋಡೆಯ ಮೇಲಿನ ಸಣ್ಣ ಡಬ್ಬಿಯೊಂದರ ವಿಷಯ ಹೇಳುತ್ತೇನೆ. ಹಿಂದೆ ಕೊಟ್ಟಿಗೆಗೆ ಒಂದು ಬಲ್ಬು ಇದ್ದರೆ ಸಾಕಾಗಿತ್ತು. ಈಗ ನೀರಿನ ಮೋಟಾರು, ಮೇವು ಕತ್ತರಿಸುವ ಯಂತ್ರ, ಗೀಸರು, ಕೆಲವರಲ್ಲಿ ಹಾಲು ಕರೆಯುವ ಯಂತ್ರವೂ ಬಂದಿದೆ. ತುಂಗಾ ಭದ್ರೆಯರ ಈ ಸೀಮೆಯಲ್ಲಿ ಮಳೆಗಾಲ ಮುಗಿಯುವವರೆಗೆ ಗೋಡೆ ಒಣಗುವುದಿಲ್ಲ. ನೆಲದಲ್ಲಿ ಸಗಣಿ, ಗಂಜಲ, ತೊಳೆದ ನೀರು. ಕರೆಂಟು ಸೋರಲು ಇದಕ್ಕಿಂತ ಅನುಕೂಲದ ಜಾಗ ಇನ್ನಾವುದು?

"ನಮ್ಮಲ್ಲಿ ಎಂಸಿಬಿ ಇದೆ, ಭಯವಿಲ್ಲ" ಎನ್ನುವವರು ಅನೇಕರು. ಎಂಸಿಬಿ ಕಾಯುವುದು ತಂತಿಯನ್ನು, ನಿಮ್ಮನ್ನಲ್ಲ. 16 ಆಂಪಿಯರ್ ಎಂಸಿಬಿ ಬೀಳಬೇಕಾದರೆ 16ಕ್ಕಿಂತ ಹೆಚ್ಚು ಆಂಪಿಯರ್ ಹರಿಯಬೇಕು. ಎದೆಯ ಮೂಲಕ ಆಂಪಿಯರಿನ ಹತ್ತನೇ ಒಂದು ಭಾಗ ಹರಿದರೂ ಮನುಷ್ಯನ ಪ್ರಾಣ ಹೋಗಬಹುದು. ಅಷ್ಟು ಕರೆಂಟು ಎಂಸಿಬಿಯ ಗಮನಕ್ಕೇ ಬರುವುದಿಲ್ಲ.

ಜೀವ ಕಾಯುವ ಬ್ರೇಕರ್ ಬೇರೆ. ಅದು ಆರ್‌ಸಿಸಿಬಿ. ಅಂಗಡಿಗಳಲ್ಲಿ ಇಎಲ್‌ಸಿಬಿ ಎಂದು ಕೇಳುವ ಹಳೆಯ ರೂಢಿ ಇನ್ನೂ ಇದೆ. ಪರವಾಗಿಲ್ಲ, ಕೊಡುವುದು ಆರ್‌ಸಿಸಿಬಿಯೇ ಎಂದು ಓದಿ ನೋಡಿಕೊಳ್ಳಿ. ಫೇಸಿನಲ್ಲಿ ಹೋದ ಕರೆಂಟು ನ್ಯೂಟ್ರಲಿನಲ್ಲಿ ಪೂರ್ತಿ ವಾಪಸು ಬಂತೇ ಎಂದು ಅದು ಸದಾ ತಾಳೆ ನೋಡುತ್ತಿರುತ್ತದೆ, ಸಂಘದ ಕಾರ್ಯದರ್ಶಿ ಹಾಲಿನ ಲೆಕ್ಕ ತಾಳೆ ನೋಡಿದ ಹಾಗೆ. ಲೆಕ್ಕದಲ್ಲಿ 30 ಮಿಲಿ ಆಂಪಿಯರ್ ಕೊರತೆ ಕಂಡರೆ 0.3 ಸೆಕೆಂಡಿನೊಳಗೆ ಲೈನು ಕಡಿಯುತ್ತದೆ. 100 ಮತ್ತು 300 ಮಿಲಿ ಆಂಪಿಯರಿನವೂ ಸಿಗುತ್ತವೆ. ಅವು ಬೆಂಕಿ ತಡೆಯಲು. ಕೊಟ್ಟಿಗೆಗೆ 30ರದ್ದೇ ಬೇಕು. ಕೆಲವದರ ಮೇಲೆ 0.03 ಎಂದು ಬರೆದಿರುತ್ತದೆ, ಎರಡೂ ಒಂದೇ. ಐಎಸ್‌ಐ ಗುರುತು ನೋಡಿ. ಎಲೆಕ್ಟ್ರಾನಿಕ್ ಸಾಮಾನು ಹೆಚ್ಚಿದ್ದರೆ ಎಸಿ ವಿಧಕ್ಕಿಂತ ಎ ವಿಧ ಮೇಲು.

ಹಸುವಿನ ಮಾತು ವಿಶೇಷವಾಗಿ ಹೇಳಬೇಕು. ಅದಕ್ಕೆ ಚಪ್ಪಲಿಯಿಲ್ಲ, ನಿಂತಿರುವುದು ಒದ್ದೆ ನೆಲದಲ್ಲಿ, ಕುತ್ತಿಗೆಗೆ ಸರಪಳಿ. ಮುಂಗಾಲಿಗೂ ಹಿಂಗಾಲಿಗೂ ನಡುವೆ ಹರಿಯುವ ಕರೆಂಟು ಎದೆಯನ್ನು ಹಾದೇ ಹೋಗುತ್ತದೆ. ನಮ್ಮ ಕೈಗೆ ಜುಮ್ ಎನ್ನಿಸದ ಕೆಲವೇ ವೋಲ್ಟು ಕೂಡ ಹಸುವಿಗೆ ತಾಗುತ್ತದೆ. ಬಾನಿಗೆ ಬಾಯಿ ಹಾಕಿ ಥಟ್ಟನೆ ತಲೆ ಎಳೆದುಕೊಂಡರೆ, ಕಾರಣವಿಲ್ಲದೆ ಸೊರೆ ಬಿಡದಿದ್ದರೆ, ಪಶುವೈದ್ಯರ ಜೊತೆಗೆ ವೈರ್‌ಮನ್‌ನನ್ನೂ ಕರೆಸಿ.

ಆರ್‌ಸಿಸಿಬಿ ಬಂತೆಂದು ಎಂಸಿಬಿ ಬಿಡುವಂತಿಲ್ಲ. ಲೋಡು ಹೆಚ್ಚಾದರೆ, ಶಾರ್ಟ್ ಆದರೆ ಅದೇ ಬೇಕು. ಎರಡೂ ಕೆಲಸ ಒಂದರಲ್ಲೇ ಮಾಡುವ ಆರ್‌ಸಿಬಿಒ ಕೂಡ ಇದೆ, ಬೆಲೆ ಸ್ವಲ್ಪ ಜಾಸ್ತಿ. ಎಂಸಿಬಿಯಲ್ಲಿ ದೀಪ, ಗೀಸರಿಗೆ ಬಿ ವಿಧ, ಮೋಟಾರಿಗೆ ಸಿ ವಿಧ. ಮೋಟಾರು ಹೊರಡುವಾಗ ಓಡುವ ಕರೆಂಟಿನ ಐದಾರು ಪಟ್ಟು ಎಳೆಯುತ್ತದೆ. ಬಿ ವಿಧ ಅಷ್ಟನ್ನು ತಾಳದೆ ಬೀಳುತ್ತದೆ. ಆಗ ನಮ್ಮವರು ಮಾಡುವುದೇನು? 16 ತೆಗೆದು 32 ಹಾಕುವುದು. ಮೋಟಾರು ಓಡುತ್ತದೆ, ಆದರೆ 2.5 ಚದರ ಮಿಲಿಮೀಟರಿನ ತಂತಿ ಅಟ್ಟದ ಒಣಹುಲ್ಲಿನ ಪಕ್ಕದಲ್ಲೇ ಕಾಯುತ್ತದೆ. ಎಂಸಿಬಿಯ ಆಂಪಿಯರನ್ನು ತಂತಿಯ ದಪ್ಪ ನೋಡಿ ಆರಿಸಬೇಕು.

ಅರ್ಥಿಂಗ್ ಸರಿಯಿದ್ದರೆ ಯಾರೂ ಮುಟ್ಟುವ ಮೊದಲೇ ಆರ್‌ಸಿಸಿಬಿ ಬೀಳುತ್ತದೆ. ಅರ್ಥಿಂಗ್ ಇಲ್ಲದಿದ್ದರೆ ಮುಟ್ಟಿದ ಮೇಲೆ, ಅವರ ಮೈಯಲ್ಲಿ ಕರೆಂಟು ಹರಿದಾಗಲೇ ಬೀಳುವುದು. ಫೇಸು ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಹಿಡಿದವರನ್ನು ಇದು ಉಳಿಸಲಾರದು; ಸಿಡಿಲಿಗೂ ಇದು ಮದ್ದಲ್ಲ. ಮುಖದ ಮೇಲಿನ ಪರೀಕ್ಷಾ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ. ಬೀಳದಿದ್ದರೆ ಬದಲಿಸಿ.

ಕೊಟ್ಟಿಗೆಗೆ ಪ್ರತ್ಯೇಕ ಆರ್‌ಸಿಸಿಬಿ ಹಾಕಿಸಿದರೆ ಒಳ್ಳೆಯದು, ಮನೆಯ ದೀಪ ಉಳಿಯುತ್ತದೆ. ಮಳೆಗಾಲದಲ್ಲಿ ಪದೇ ಪದೇ ಬೀಳುತ್ತದೆಂದು ಅದನ್ನು ತಪ್ಪಿಸಿ ನೇರ ಲೈನು ಕೊಡುವವರಿದ್ದಾರೆ. ಬೀಳುವುದೇ ಅದರ ಕೆಲಸವಲ್ಲವೇ? ಎಲ್ಲ ಪ್ಲಗ್ ಕಿತ್ತು, ಆರ್‌ಸಿಸಿಬಿ ಎತ್ತಿ, ಒಣಗಿದ ಕೈಯಿಂದ ಒಂದೊಂದೇ ಹಾಕುತ್ತಾ ಬನ್ನಿ. ಯಾವುದನ್ನು ಹಾಕಿದಾಗ ಬೀಳುತ್ತದೋ ದೋಷ ಅದರಲ್ಲಿದೆ. ಎಲ್ಲ ಕಿತ್ತರೂ ನಿಲ್ಲದಿದ್ದರೆ ದೋಷ ವೈರಿಂಗಿನಲ್ಲಿ, ಅದು ಲೈಸೆನ್ಸ್ ಇರುವ ವೈರ್‌ಮನ್‌ನ ಕೆಲಸ. ಅವನು ಬರುವವರೆಗೆ ಕೊಟ್ಟಿಗೆಗೆ ಟಾರ್ಚು ಸಾಕು.