ಚಳಿಯ ದಿನ ನೆರೆಹೊರೆಯ ಮಾತು

(ನಮ್ಮ ಉಚಿತ ವಾಚನಾಲಯದ ಭಾನುವಾರದ ಕೂಟದಲ್ಲಿ ಆಡಿದ ಮಾತುಗಳು)



ನಾವು ಭಾಷಣಕಾರರಲ್ಲ. ಹಿಟ್ಟಿನ ಗಿರಣಿಯೊಂದರಲ್ಲಿ ಗುಮಾಸ್ತೆಯ ಕೆಲಸ. ಓದು ಮೆಟ್ರಿಕ್ಕಿಗೇ ನಿಂತಿತು. ವಾರದಲ್ಲಿ ಆರು ದಿನ ಚೀಲದ ಲೆಕ್ಕ, ಏಳನೆಯ ದಿನ ಇಲ್ಲಿಗೆ ಬಂದು ಪತ್ರಿಕೆಗಳನ್ನು ಜೋಡಿಸಿಡುವುದು, ಪುಸ್ತಕ ಕೊಟ್ಟು ತೆಗೆದುಕೊಳ್ಳುವುದು, ಇಷ್ಟೇ ನಮ್ಮ ಸೇವೆ. ಆದರೂ ಈ ವಾರ ನಾಲ್ಕು ಮಾತು ಆಡಲೇಬೇಕೆಂದು ಕಾರ್ಯದರ್ಶಿಗಳು ಹಟ ಹಿಡಿದರು. ಅದಕ್ಕೆ ಕಾರಣ ನಮ್ಮ ಸಲಹೆ ಪುಸ್ತಕ.

ಹೋದ ವಾರ ಆ ಪುಸ್ತಕದಲ್ಲಿ ಒಬ್ಬರು ಹೀಗೆ ಬರೆದಿದ್ದಾರೆ: ‘ಡಿಸೆಂಬರಿನಿಂದ ಇದು ವಾಚನಾಲಯವೋ ಹರಟೆಕಟ್ಟೆಯೋ ತಿಳಿಯದಾಗಿದೆ. ಅಂಗಳಕ್ಕೆ ಬೆಂಚು ಎಳೆದು ಬಿಸಿಲಿಗೆ ಕೂತವರು ಓದುವುದಿಲ್ಲ. ಬಂದವರೆಲ್ಲ ಚಳಿ ಚಳಿ ಎನ್ನುವುದೊಂದೇ ಮಾತು. ಬೆಂಚುಗಳನ್ನು ಒಳಗೆ ಹಾಕಿಸಬೇಕು.’ ಬರೆದವರ ಹೆಸರು ಬೇಡ. ಅವರ ದೂರಿನಲ್ಲಿ ಅರ್ಧ ನಿಜವಿದೆ. ಒಳಕೋಣೆಯಲ್ಲಿ ಪರೀಕ್ಷೆಗೆ ಓದುವ ಹುಡುಗರಿದ್ದಾರೆ, ಅಲ್ಲಿ ಸದ್ದು ಕೂಡದು. ಆ ಮಾತನ್ನು ನಾವು ಒಪ್ಪುತ್ತೇವೆ. ಒಪ್ಪದಿರುವುದು ಬೆಂಚಿನ ಮಾತನ್ನು.

ಮೊದಲು ಒಂದು ಸೋಜಿಗ ನೋಡಿ. ಊರಿನಲ್ಲಿದ್ದಾಗ ನಾವು ಹವೆಯ ಮಾತನ್ನು ಇಷ್ಟು ಆಡುತ್ತಿದ್ದವರೇ ಅಲ್ಲ. ಮಳೆ ಹೋದರೆ ಆಡುತ್ತಿದ್ದೆವು, ಅದು ಬೆಳೆಯ ಮಾತು. ಎದುರಿಗೆ ಸಿಕ್ಕವರನ್ನು ಕೇಳುತ್ತಿದ್ದುದು ಹೊಟ್ಟೆಯ ವಿಚಾರ. ಮೈಸೂರು ಕಡೆ ‘ಕಾಫಿ ಆಯ್ತೇ? ತಿಂಡಿ ಆಯ್ತೇ?’ ಧಾರವಾಡದ ಕಡೆ ‘ಊಟ ಆತೇನ್ರಿ?’ ಕರಾವಳಿಯವರಾದರೆ ತುಳುವಿನಲ್ಲಿ ಅದನ್ನೇ. ಇಲ್ಲವೆಂದರೆ ‘ಎಲ್ಲಿಗೆ ಹೊರಟಿರಿ?’ ಊಟ ಆಗಿಲ್ಲವೆಂದ ಮಾತ್ರಕ್ಕೆ ಬಡಿಸುವವರು ಎಲ್ಲರೂ ಅಲ್ಲ, ಎಲ್ಲಿಗೆಂದು ಕೇಳಿದವರು ಜೊತೆಗೆ ಬರುವವರೂ ಅಲ್ಲ. ಆದರೂ ಕೇಳದೆ ಮುಂದೆ ಹೋದರೆ ‘ಏನೋ ಸಿಟ್ಟು ಅವರಿಗೆ’ ಎಂದುಕೊಳ್ಳುತ್ತಿದ್ದೆವು. ಈ ಬಗೆಯ ಮಾತಿಗೆ ನಮ್ಮಲ್ಲಿ ಹೆಸರುಗಳಿಗೆ ಬರವಿಲ್ಲ. ಲೋಕಾಭಿರಾಮ, ಪಟ್ಟಾಂಗ, ಹರಟೆ, ಕಾಡುಹರಟೆ, ಕಾಗದದಲ್ಲಾದರೆ ಉಭಯಕುಶಲೋಪರಿ. ಇಷ್ಟು ಹೆಸರಿಟ್ಟ ಜನ ಅದನ್ನು ಹಗುರವೆಂದು ಎಣಿಸಿರಲಾರರು.

ದೆಹಲಿಗೆ ಬಂದ ಮೇಲೆ ನಮ್ಮ ಊಟದ ಪ್ರಶ್ನೆ ನೆರೆಯವರಿಗೆ ಹಿಡಿಸಲಿಲ್ಲ. ‘ಖಾನಾ ಖಾಯಾ?’ ಎಂದು ನಾವು ಬೆಳಿಗ್ಗೆ ಒಂಬತ್ತಕ್ಕೆ ಕೇಳಿದರೆ, ಇವರೇನು ಊಟಕ್ಕೆ ಕರೆಯುತ್ತಾರೋ ಎಂದು ಅವರು ಮುಖ ನೋಡುತ್ತಿದ್ದರು. ಇಲ್ಲಿ ಮಾತಿನ ಬಾಗಿಲು ಚಳಿ. ‘ಆಜ್ ತೋ ಬಡೀ ಠಂಡ್ ಹೈ ಜೀ’ ಎಂದರೆ ಸಾಕು, ಆ ಕಡೆಯಿಂದ ಉತ್ತರ ಬಂದೇ ಬರುತ್ತದೆ. ಹಿಂದಿ ಬಾರದವರಿಗೂ ಮೊದಲು ಕೈಗೆ ಹತ್ತುವ ವಾಕ್ಯ ಇದೇ. ಆದರೂ ಎಡವಟ್ಟು ತಪ್ಪದು. ನಮ್ಮವರೊಬ್ಬರ ತಾಯಿಯವರು ಹೊಸದಾಗಿ ಬಂದಾಗ ಎದುರು ಮನೆಯಾಕೆ ‘ಧೂಪ್ ಮೇಂ ಬೈಠಿಯೇ ಮಾತಾಜೀ’ ಎಂದರಂತೆ. ಇವರು ‘ಈಗಷ್ಟೇ ದೇವರ ಮುಂದೆ ಹಾಕಿ ಬಂದೆ, ಆಯ್ತಮ್ಮ’ ಎಂದು ಒಳಗೇ ಕೂತರು. ನಮ್ಮ ಧೂಪ ಸಾಂಬ್ರಾಣಿಯದು, ಅವರ ಧೂಪ್ ಬಿಸಿಲು. ಈಗ ಆ ಅಜ್ಜಿಯೇ ಹತ್ತು ಗಂಟೆಗೆ ಸರಿಯಾಗಿ ಮಹಡಿಯ ಮೇಲೆ ಚಾಪೆ ಹಾಸುತ್ತಾರೆ.

ಚಳಿ ಅಂದರೆ ಎಂಥ ಚಳಿ ಎಂದು ಊರಿನ ನೆಂಟರು ಕೇಳುತ್ತಾರೆ. ಬೆಂಗಳೂರಿನಲ್ಲಿ ಈವರೆಗೆ ದಾಖಲಾದ ಅತಿ ಕಡಿಮೆ ಉಷ್ಣತೆ 7.8 ಡಿಗ್ರಿ, ಅದೂ 1884 ರ ಜನವರಿ 13 ರಂದು. ದೆಹಲಿಯ ಜನವರಿಯಲ್ಲಿ ಅದು ಸಾಧಾರಣ ಬೆಳಗು. ಇಲ್ಲಿನ ಸಫ್ದರ್‌ಜಂಗ್ ವೀಕ್ಷಣಾಲಯದಲ್ಲಿ 1935 ರ ಜನವರಿ 16 ರಂದು ಸೊನ್ನೆಗಿಂತಲೂ 0.6 ಡಿಗ್ರಿ ಕೆಳಗೆ ಇಳಿದಿತ್ತು. 2021 ರ ಹೊಸ ವರ್ಷದ ಬೆಳಿಗ್ಗೆ 1.1. ಆದರೆ ಬೆಳಗಿನ ಚಳಿಗಿಂತ ನಮ್ಮನ್ನು ಹಣ್ಣು ಮಾಡುವುದು ಬಿಸಿಲಿಲ್ಲದ ಹಗಲು. 2019 ರ ಡಿಸೆಂಬರ್ 30 ರಂದು ನಡುಹಗಲಿನಲ್ಲೂ ಪಾರೆ 9.4 ದಾಟಲಿಲ್ಲ. ಮನೆಗಳು ಕಟ್ಟಿರುವುದು ಬೇಸಿಗೆಯನ್ನು ನೆನೆದು. ಗೋಡೆ ನೆಲ ಎಲ್ಲ ಮಂಜುಗಡ್ಡೆಯಂತೆ ಕೊರೆಯುತ್ತವೆ. ಮನೆಯೊಳಗಿಗಿಂತ ಬೀದಿಯೇ ಬೆಚ್ಚಗಿರುವ ಊರು ಇದು. ಜನ ಹೊರಗೆ ಬಂದು ಕೂರುವುದು ಸೋಮಾರಿತನದಿಂದಲ್ಲ.

ಹೀಗೆ ಕೂತವರು ಏನು ಮಾತಾಡುತ್ತಾರೆ? ನಾವು ಕಿವಿಗೊಟ್ಟು ಕೇಳಿದ್ದೇವೆ. ಮೊದಲು ಚಳಿ. ಆಮೇಲೆ ಬಟಾಣಿಯ ಧಾರಣೆ. ಹೆಂಗಸರ ಮಡಿಲಲ್ಲಿ ಬಟಾಣಿ, ಬೆರಳು ಸುಲಿಯುತ್ತಿರುತ್ತದೆ, ಬಾಯಿ ನಡೆಯುತ್ತಿರುತ್ತದೆ. ನಮ್ಮವರು ಅದರ ನಡುವೆ ಕೂತು ಅವರೆಕಾಯಿ ನೆನೆದು ನಿಟ್ಟುಸಿರು ಬಿಡುತ್ತಾರೆ. ಹಿಚುಕಿದ ಬೇಳೆ ಎಂದರೇನು ಎಂಬುದನ್ನು ಪಂಜಾಬಿನ ಹೆಂಗಸಿಗೆ ಬೆರಳಿನಲ್ಲೇ ಹಿಚುಕಿ ತೋರಿಸಿದವರೊಬ್ಬರನ್ನು ನಾವು ಬಲ್ಲೆವು.

ನಮ್ಮ ಕಸುಬಿನ ಮಾತೂ ಅಲ್ಲಿ ಬರುತ್ತದೆ. ಮಾಗಿ ಬಂತೆಂದರೆ ಗಿರಣಿಗೆ ಸಜ್ಜೆ ಬರುತ್ತದೆ. ಹರಿಯಾಣ ರಾಜಸ್ಥಾನದ ನೆರೆಯವರು ಸಜ್ಜೆ ರೊಟ್ಟಿಗೆ ಬೆಲ್ಲ ತುಪ್ಪ ಹಾಕಿಕೊಂಡು ತಿನ್ನುತ್ತಾರೆ, ಮೈಗೆ ಬಿಸಿ ಎನ್ನುತ್ತಾರೆ. ವಿಜಯಪುರ ಬಾಗಲಕೋಟೆಯ ನಮ್ಮವರಿಗೆ ಭೋಗಿಯ ದಿನ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಇಲ್ಲದಿದ್ದರೆ ಹಬ್ಬವೇ ಅಲ್ಲ. ಸಜ್ಜೆಯಲ್ಲಿ ಜಿಡ್ಡು ಹೆಚ್ಚು, ಹಿಟ್ಟಾದ ಮೇಲೆ ಬೇಗ ಕಹಿಯಾಗುತ್ತದೆ, ಆದ್ದರಿಂದ ಬೇಕಾದಷ್ಟೇ ಬೀಸಿಸಬೇಕು. ಇದನ್ನು ನಾವು ಬೆಂಚಿನ ಮೇಲೆ ಹೇಳಿದಾಗ ಎರಡೂ ಕಡೆಯವರು ಹೌದೆಂದು ತಲೆಯಾಡಿಸಿದರು. ಸಾಮಾನ್ಯವಾಗಿ ಜನವರಿ 13 ರ ಸಂಜೆ ಪಂಜಾಬಿಗಳು ಲೋಹ್ಡಿಯ ಬೆಂಕಿ ಸುತ್ತ ಶೇಂಗಾ ರೇವಡಿ ಹಂಚುತ್ತಾರೆ; ಅದೇ ದಿನ ನಮ್ಮ ಭೋಗಿ. ಅವರ ರೇವಡಿ ಗಜಕ್ಕಿನಲ್ಲೂ ಎಳ್ಳು ಬೆಲ್ಲವೇ, ನಮ್ಮ ಸಂಕ್ರಾಂತಿಯ ತಟ್ಟೆಯಲ್ಲೂ ಎಳ್ಳು ಬೆಲ್ಲವೇ. ಪುಸ್ತಕ ಓದಿ ಇದನ್ನು ತಿಳಿಯಬಹುದಿತ್ತು. ನಾವು ತಿಳಿದದ್ದು ಬೆಂಚಿನ ಮೇಲೆ.

ಹವೆಯ ಮುನ್ಸೂಚನೆಯನ್ನೂ ಅಲ್ಲೇ ಕಲಿತೆವು. ಈಗ ಎಲ್ಲರ ಫೋನಿನಲ್ಲೂ ಉಷ್ಣತೆಯ ಅಂಕಿ ಕಾಣುತ್ತದೆ. ಆದರೂ ನಮ್ಮ ಪಕ್ಕದ ಗಢವಾಲದ ಮುದುಕರು ‘ಪಹಾಡ್‌ನಲ್ಲಿ ಹಿಮ ಬಿತ್ತಂತೆ’ ಎಂದ ಕೂಡಲೇ ನಾವು ರಜಾಯಿ ಬಿಸಿಲಿಗೆ ಹಾಕುತ್ತೇವೆ. ಅವರ ಮಾತಿಗೆ ಕಾರಣವಿದೆ. ಮೆಡಿಟರೇನಿಯನ್ ಸಮುದ್ರದ ಕಡೆಯಿಂದ ಹೊರಟ ಹವೆಯ ಕಲಕಾಟ ಇರಾನ್, ಆಫ್ಘಾನಿಸ್ತಾನ ದಾಟಿ ಹಿಮಾಲಯಕ್ಕೆ ತಾಗುತ್ತದೆ. ಬೆಟ್ಟದ ಮೇಲೆ ಹಿಮ, ನಮ್ಮಲ್ಲಿ ತುಂತುರು. ಮೋಡ ಇರುವ ತನಕ ರಾತ್ರಿ ಅಷ್ಟು ಕೊರೆಯದು. ಮೋಡ ಸರಿದ ಮೇಲೆ ವಾಯವ್ಯದ ಒಣಗಾಳಿ ಬೀಸಿ ಚಳಿ ಕಟ್ಟುತ್ತದೆ. ಹವಾಮಾನ ಇಲಾಖೆ ಇದಕ್ಕೆ ‘ಪಶ್ಚಿಮದ ಕ್ಷೋಭೆ’ ಎಂಬ ಅರ್ಥದ ಹೆಸರಿಟ್ಟಿದೆ. ಮುದುಕರು ಆ ಹೆಸರಿನ ಗೊಡವೆಗೆ ಹೋಗುವುದಿಲ್ಲ, ಅವರ ಲೆಕ್ಕ ತಪ್ಪುವುದು ಕಡಿಮೆ.

ಇಂಥ ಮಾತನ್ನು ವಿದ್ವಾಂಸರೂ ಕಡೆಗಣಿಸಿಲ್ಲವೆಂದು ನಮ್ಮ ಸಂಘದ ಕಾಲೇಜು ಉಪಾಧ್ಯಾಯರೊಬ್ಬರು ಹೇಳಿದರು. ಪೋಲೆಂಡಿನಲ್ಲಿ ಹುಟ್ಟಿದ ಮಾಲಿನೋವ್‌ಸ್ಕಿ ಎಂಬವರು ಪೆಸಿಫಿಕ್ ದ್ವೀಪಗಳ ಜನರ ನಡುವೆ ಇದ್ದು ಬಂದು, 1923 ರಲ್ಲಿ ಒಂದು ಲೇಖನ ಬರೆದರಂತೆ. ಹವೆಯ ಮಾತು, ಕ್ಷೇಮ ಸಮಾಚಾರ, ಗೊತ್ತಿರುವುದನ್ನೇ ಮತ್ತೆ ಹೇಳುವುದು, ಇವೆಲ್ಲ ಸುದ್ದಿ ತಿಳಿಸುವುದಕ್ಕಲ್ಲ. ಮನುಷ್ಯ ಮನುಷ್ಯನ ನಡುವೆ ನಂಟು ಬೆಸೆಯುವುದಕ್ಕೆ ಎಂದು ಅವರ ವಾದ. ನಮ್ಮ ಅಜ್ಜಿಯರಿಗೆ ಇದು ಹೊಸದಲ್ಲ. ಆದರೆ ಸಲಹೆ ಪುಸ್ತಕದಲ್ಲಿ ಬರೆದವರಿಗೆ ಅಚ್ಚಾದ ಮಾತಿನ ಮೇಲೆ ನಂಬಿಕೆ ಹೆಚ್ಚು, ಅದಕ್ಕಾಗಿ ಹೇಳಿದೆವು.

ಈಗ ಒಂದು ಗಂಭೀರವಾದ ವಿಷಯ.

ನಮ್ಮ ಕಟ್ಟಡದ ಕೆಳಮನೆಗೆ ಒಂದು ಚಳಿಗಾಲದಲ್ಲಿ ವಿಜಯಪುರದ ಕಡೆಯ ಗಂಡ ಹೆಂಡತಿ ಬಂದರು. ಒಂದು ಕೋಣೆ, ಒಂದು ಕಿಟಕಿ, ಆರು ತಿಂಗಳ ಕೂಸು. ಗಂಡ ಬೆಳಿಗ್ಗೆ ಹೋದರೆ ರಾತ್ರಿಗೆ ಬರುವವನು. ಹುಡುಗಿ ನಾಚಿಕೆಯವಳು, ಮಹಡಿಗೆ ಬರುತ್ತಿರಲಿಲ್ಲ. ಮೇಲಿನ ಮನೆಯ ಹರಿಯಾಣದ ಅಮ್ಮನಿಗೆ ಮಾತಾಡದಿದ್ದರೆ ಅನ್ನ ಇಳಿಯದು. ಒಂದು ಬೆಳಿಗ್ಗೆ ನಲ್ಲಿಯ ಹತ್ತಿರ ನಿಲ್ಲಿಸಿಕೊಂಡು, ಎಲ್ಲರನ್ನೂ ಕೇಳುವ ಹಾಗೆ ಕೇಳಿದರು: ‘ಬಹೂ, ರಾತ್ ಕೋ ಠಂಡ್ ತೋ ನಹೀಂ ಲಗೀ?’ ಹುಡುಗಿ ತನಗೆ ಬಂದ ಹಿಂದಿಯಲ್ಲಿ ಉತ್ತರ ಕೊಟ್ಟಳು: ‘ನಹೀಂ. ಕೋಯಲಾ ಹೈ, ಶೆಗಡಿ ಹೈ. ದರವಾಜಾ ಬಂದ್.’

ಅಮ್ಮ ಕೊಡ ಅಲ್ಲೇ ಬಿಟ್ಟು ನಮ್ಮ ಬಾಗಿಲಿಗೆ ಬಂದರು. ‘ನಿಮ್ಮ ಭಾಷೆಯ ಹುಡುಗಿ, ನೀವೇ ಬಿಡಿಸಿ ಹೇಳಿ’ ಎಂದು ನಮ್ಮ ಮನೆಯವರನ್ನು ಕೈ ಹಿಡಿದು ಇಳಿಸಿಕೊಂಡು ಹೋದರು. ಹುಡುಗಿ ಆಗ ಹೇಳಿದ್ದು: ‘ಎರಡ ದಿನಾ ಆತ್ರಿ ಅಕ್ಕಾರ, ಮುಂಜಾನೆ ಎದ್ದ ಕೂಡ್ಲೆ ತಲಿ ಭಾಳ ನೋಯಾಕತ್ತೈತ್ರಿ. ಕೂಸೂ ಹಾಲ ಕುಡಿವಲ್ದು. ದಿಲ್ಲಿ ಥಂಡಿ ಹಿಂಗ ಇರತೈತಿ ಅಂದ್ರ ನಮ್ಮವರು.’ ರಾತ್ರಿಯೆಲ್ಲ ಶೆಗಡಿಯಲ್ಲಿ ಇದ್ದಲು, ಕಿಟಕಿಯ ಸಂದಿಗೂ ಬಟ್ಟೆ ತುರುಕಿತ್ತು. ಅಮ್ಮ ಬಟ್ಟೆ ಕಿತ್ತೆಸೆದು ಕಿಟಕಿ ತೆರೆದರು. ತಾಯಿ ಮಗುವನ್ನು ಹೊರಗೆ ಕೂರಿಸಿ, ಆಮೇಲೆ ದವಾಖಾನೆಗೆ ಕರೆದೊಯ್ದರು. ಇಬ್ಬರೂ ಉಳಿದರು. ಆ ಸಂಜೆ ಒಂದು ಮನೆಯಿಂದ ರಜಾಯಿ, ಇನ್ನೊಂದು ಮನೆಯಿಂದ ಬಿಸಿನೀರಿನ ಚೀಲ ಇಳಿದುಬಂದವು.

ಇದ್ದಲು ಅರೆಬರೆ ಉರಿಯುವಾಗ ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಹೊಗೆ ಇಲ್ಲದ ಕೆಂಡವೆಂದರೆ ಅಪಾಯವಿಲ್ಲವೆಂದು ಜನ ತಿಳಿಯುತ್ತಾರೆ, ಅದೇ ಕೆಡುಕು. ನಮ್ಮ ರಕ್ತ ಆಮ್ಲಜನಕವನ್ನು ಹಿಡಿದುಕೊಳ್ಳುವುದಕ್ಕಿಂತ 200 ಪಟ್ಟಿಗೂ ಮಿಕ್ಕು ಬಿಗಿಯಾಗಿ ಈ ಅನಿಲವನ್ನು ಹಿಡಿಯುತ್ತದೆ. ಮೊದಲು ತಲೆನೋವು, ತಲೆಸುತ್ತು, ಓಕರಿಕೆ. ಮಲಗಿದವರಿಗೆ ಅದೂ ತಿಳಿಯದೆ ನಿದ್ದೆಯಲ್ಲೇ ಪ್ರಾಣ ಹೋಗುತ್ತದೆ. ಚಳಿಗಾಲ ಬಂತೆಂದರೆ ಉತ್ತರದ ಪತ್ರಿಕೆಗಳಲ್ಲಿ ಅಂಗೀಠಿಯಿಂದ ಸತ್ತವರ ಸುದ್ದಿ ಬರುತ್ತದೆ. ಹೆಚ್ಚಿನವರು ಬಾಡಿಗೆ ಕೋಣೆಯ ಬಡವರು, ಕಾವಲುಗಾರರು, ಹೊಸದಾಗಿ ಬಂದವರು. ಆದ್ದರಿಂದ ಇಲ್ಲಿ ಕೂತವರೆಲ್ಲರೂ ದಯವಿಟ್ಟು ಕೇಳಿ: ಮಲಗುವ ಕೋಣೆಯಲ್ಲಿ ಇದ್ದಲಿನ ಶೆಗಡಿ ಇಡಲೇಕೂಡದು. ಬಕೆಟ್ ನೀರು ಪಕ್ಕದಲ್ಲಿಟ್ಟರೆ ಆಗುತ್ತದೆಂಬ ಮಾತನ್ನು ನಂಬಬೇಡಿ, ನೀರು ಈ ಅನಿಲವನ್ನು ತಡೆಯುವುದಿಲ್ಲ. ಕಾವಲುಗಾರರಿಗೆ ವಿದ್ಯುತ್ ಹೀಟರು ಒದಗಿಸಬೇಕೆಂದು ವಾಯುಗುಣಮಟ್ಟದ ಆಯೋಗ ನಿವಾಸಿಗಳ ಸಂಘಗಳಿಗೆ ಹೇಳಿದೆ; ನಿಮ್ಮ ಗೇಟಿನವನಿಗೆ ಕೊಟ್ಟಿದ್ದಾರೆಯೇ, ಒಮ್ಮೆ ವಿಚಾರಿಸಿ.

ಆ ಅಮ್ಮ ವೈದ್ಯರಲ್ಲ. ಚಳಿಯಾಯಿತೇ ಎಂದು ಕೇಳಿದರು, ಉತ್ತರಕ್ಕೆ ನಿಂತರು. ಫೋನಿನ ಗುಂಪಿನಲ್ಲಿ ನಮ್ಮ ಕಟ್ಟಡದವರು ದಿನವೂ ಹೂವಿನ ಚಿತ್ರದೊಂದಿಗೆ ಶುಭೋದಯ ಕಳಿಸುತ್ತಾರೆ. ಆ ಹುಡುಗಿ ಆ ಗುಂಪಿನಲ್ಲಿ ಇರಲೇ ಇಲ್ಲ.

ಹರಟೆಗೆ ಎಲ್ಲೆ ಬೇಡವೆಂದು ನಮ್ಮ ವಾದವಲ್ಲ. ‘ಸಂಬಳ ಎಷ್ಟು?’, ‘ನಿಮ್ಮ ಪೈಕಿ ಯಾವುದು?’, ‘ಮಗಳಿಗೆ ಇನ್ನೂ ಆಗಲಿಲ್ಲವೇ?’ ಇಂಥವು ಚಳಿಯ ಮಾತಿನ ಬೆನ್ನಿಗೇ ಬರುತ್ತವೆ. ಇವು ಬಂದ ದಿನ ಜನ ಬೆಂಚಿನಿಂದ ಏಳುತ್ತಾರೆ. ಚಳಿಯ ಮಾತಿನ ಗುಣವೆಂದರೆ ಅದು ಯಾರನ್ನೂ ಚುಚ್ಚದು. ಸಾಹೇಬರಿಗೂ ಚಳಿ, ಕಸ ಗುಡಿಸುವವನಿಗೂ ಚಳಿ. ಆದರೆ ಸಾಹೇಬರಿಗೆ ಹೀಟರಿದೆ, ಆತನಿಗಿಲ್ಲ ಎಂಬುದೂ ಆ ಮಾತಿನಲ್ಲೇ ಹೊರಬೀಳುತ್ತದೆ.

ಇನ್ನೊಂದು ಗುಂಪಿನವರನ್ನು ನೆನೆಯಬೇಕು. ಮಗನೋ ಮಗಳೋ ಇಲ್ಲಿ ಕೆಲಸದಲ್ಲಿದ್ದಾರೆಂದು ಊರು ಬಿಟ್ಟು ಬಂದ ಹಿರಿಯರು. ಮಕ್ಕಳು ಕಚೇರಿಗೆ, ಮೊಮ್ಮಕ್ಕಳು ಶಾಲೆಗೆ. ಮೊಮ್ಮಕ್ಕಳ ಕನ್ನಡವೋ, ಅದನ್ನು ಇಲ್ಲಿ ಆಡುವುದು ಬೇಡ. ಹಗಲೆಲ್ಲ ಬಾಯಿ ಮುಚ್ಚಿ ಕೂತವರಿಗೆ ‘ಏನ್ ಸ್ವಾಮಿ, ಇವತ್ತು ಮಂಜು ಕರಗಲೇ ಇಲ್ಲವಲ್ಲ’ ಎಂದು ಕನ್ನಡದಲ್ಲಿ ಒಬ್ಬರು ಹೇಳಿದರೆ ಅದು ಎಷ್ಟು ಬೆಲೆಯ ಮಾತು, ಲೆಕ್ಕ ಬರೆಯುವ ನಮಗೂ ಅದರ ಲೆಕ್ಕ ಸಿಗದು. ಅವರಲ್ಲಿ ಕೆಲವರಿಗೆ ಕಣ್ಣು ಮಂಜು, ಪತ್ರಿಕೆಯ ಅಕ್ಷರ ಕಾಣದು. ಅವರು ವಾಚನಾಲಯಕ್ಕೆ ಬರುವುದು ಬೆಂಚಿಗಾಗಿಯೇ. ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಓಡಿಹೋಗುತ್ತದೆ ಎಂದು ನಮ್ಮ ಕಡೆ ಹೇಳುತ್ತಾರೆ. ಇವರು ಅದು ಬೇಗ ಓಡದಿರಲಿ ಎನ್ನುತ್ತಾರೆ. ಬಿಸಿಲು ಬಲಿತ ಮೇಲೆ ಅಂಗಳದಲ್ಲಿ ಕೂರಲಾಗದಲ್ಲ.

ಕಾರ್ಯಕಾರಿ ಸಮಿತಿಯವರು ನಿನ್ನೆ ಕೂತು ಮಾಡಿರುವ ಏರ್ಪಾಡನ್ನು ಓದಿ ಹೇಳಿ ಮುಗಿಸುತ್ತೇವೆ. ಎರಡು ಬೆಂಚು ಫೆಬ್ರವರಿ ಕೊನೆಯವರೆಗೆ ಅಂಗಳದಲ್ಲೇ ಇರುತ್ತವೆ, ಹನ್ನೊಂದರಿಂದ ಮೂರರ ತನಕ. ಒಳಕೋಣೆಯ ಬಾಗಿಲು ಮುಚ್ಚಿರುತ್ತದೆ, ಅಲ್ಲಿ ಮಾತಿಲ್ಲ. ಎರಡು ಭಾನುವಾರ ಬೆಂಚಿಗೆ ಬಾರದ ಹಿರಿಯರ ಮನೆಗೆ ಹೋಗಿ ವಿಚಾರಿಸಿ ಬರಲು ಇಬ್ಬರು ಸ್ವಯಂಸೇವಕರು ಬೇಕು. ಬರುವವರು ಸಲಹೆ ಪುಸ್ತಕದಲ್ಲಿ ಆ ದೂರಿನ ಎದುರು ಹಾಳೆಯಲ್ಲೇ ಹೆಸರು ಬರೆಯಬಹುದು, ಜಾಗ ಖಾಲಿ ಇದೆ. ಭೋಗಿಗೆ ಸಜ್ಜೆ ಹಿಟ್ಟು ಬೇಕಾದವರು ಎಷ್ಟು ಕಿಲೋ ಎಂದು ನಮಗೆ ಇಂದೇ ತಿಳಿಸಿ. ಹಬ್ಬಕ್ಕೆ ಎರಡು ದಿನ ಮುಂಚೆ ಬೀಸಿಸಿ ತರುತ್ತೇವೆ.