ಸಾರಥಿಯೂ ತಾನೇ, ಒಡೆಯನೂ ತಾನೇ



ಸ್ಪರ್ಧೆಯೆಂದೊಡನೆ ನಾವು ಮೊದಲು ಕೇಳುವುದು, ಗೆದ್ದವರು ಯಾರು ಎಂದು. 2015ರಲ್ಲಿ ದಕ್ಷಿಣ ಅಮೆರಿಕದಲ್ಲಿ ನಡೆದ, ದುರ್ಗಮ ಹಾದಿಯ ವಾಹನಸ್ಪರ್ಧೆಯಾದ ಡಕಾರ್ ರ‍್ಯಾಲಿಯನ್ನು ಮೋಟಾರ್ ಸೈಕಲ್ಲಿನಲ್ಲಿ ಪೂರೈಸಿ, ಹಾಗೆ ಪೂರೈಸಿದ ಪ್ರಥಮ ಭಾರತೀಯರೆನಿಸಿದ ಬೆಂಗಳೂರಿನ ಸಿ. ಎಸ್. ಸಂತೋಷ್ ಅವರು ಪಡೆದುದು 36ನೆಯ ಸ್ಥಾನ. ಆ ಅಂಕೆಯೊಂದನ್ನೇ ಓದಿದವರಿಗೆ ಆ ದುರ್ಗಮ ಪ್ರಯಾಣದ ಮಹತ್ತ್ವವು ತಿಳಿಯಲಾರದು. ಸ್ಥಾನಪಟ್ಟಿಯು ಹೇಳದೆ ಬಿಡುವ ಇಂತಹ ಮಹತ್ತ್ವಕ್ಕೆ ಇಡಿಯ ಜೀವನವೇ ಸಾಕ್ಷಿಯಾದ ಇನ್ನೊಬ್ಬರಿದ್ದಾರೆ: ಅಮೆರಿಕದ ವರ್ಜೀನಿಯಾ ಪ್ರಾಂತದ ಡ್ಯಾನ್‌ವಿಲ್ ಊರಿನ ವೆಂಡೆಲ್ ಸ್ಕಾಟ್.

1921ರಲ್ಲಿ ಜನಿಸಿದ ಈ ಕಪ್ಪುವರ್ಣೀಯರು ಟ್ಯಾಕ್ಸಿ ನಡೆಸಿ, ಎರಡನೆಯ ಮಹಾಯುದ್ಧದ ಕಾಲದಲ್ಲಿ ಸೈನ್ಯದ ವಾಹನಗಳನ್ನು ದುರಸ್ತಿ ಮಾಡಿ, 1961ರಲ್ಲಿ ನಾಸ್ಕಾರ್ ಸಂಸ್ಥೆಯ ಅತ್ಯುನ್ನತ ಶ್ರೇಣಿಯ ಸ್ಟಾಕ್ ಕಾರ್ ಪಂದ್ಯಗಳಿಗೆ ಇಳಿದರು. ಕಂಪನಿಗಳ ಹಣ, ಹೊಸ ಎಂಜಿನ್, ನುರಿತ ಮೆಕ್ಯಾನಿಕ್‌ಗಳು, ಇವೆಲ್ಲ ಇದ್ದ ಶ್ರೀಮಂತ ತಂಡಗಳ ಎದುರಿಗೆ ಇವರಿಗಿದ್ದುದು ಅನ್ಯರು ಓಡಿಸಿ ಮಾರಿದ ಕಾರು, ಮತ್ತು ಪಾನಾ ಹಿಡಿದು ಬೆನ್ನಿಗೆ ನಿಂತ ಸ್ವಂತ ಮಕ್ಕಳು. ಆ ಕಾರಿನ ಸಾರಥಿಯೂ ಒಡೆಯರೂ ಅವರೇ. ಸಾರಥಿಯ ಕಾಲು ವೇಗವನ್ನು ಬಯಸಿದರೆ, ಎಂಜಿನ್ ಒಡೆದುಹೋದರೆ ಮುಂದಿನ ಪಂದ್ಯಕ್ಕೂ ಮನೆಯ ಖರ್ಚಿಗೂ ಗತಿಯೇನೆಂದು ಒಡೆಯನ ಬುದ್ಧಿ ತಡೆಯುತ್ತಿತ್ತು. ಸಾಲ ಮಾಡಿ ಕೊಂಡ ಲಾರಿಯನ್ನು ತಾವೇ ಓಡಿಸುವ ನಮ್ಮ ಹುಬ್ಬಳ್ಳಿಯ ಮಾಲಕರು, ಎಂಜಿನ್ನಿನ ಸದ್ದು ತುಸು ಬದಲಾದರೂ ಆಕ್ಸಿಲರೇಟರಿನ ಮೇಲಣ ಕಾಲನ್ನು ಸಡಿಲಿಸುವುದನ್ನು ಬಲ್ಲವರಿಗೆ ಈ ದ್ವಂದ್ವವು ಹೊಸದಲ್ಲ.

1963ರ ಡಿಸೆಂಬರ್ 1ರಂದು, ಫ್ಲಾರಿಡಾದ ಜ್ಯಾಕ್ಸನ್‌ವಿಲ್ಲಿನ ಮಣ್ಣಿನ ಪಥದಲ್ಲಿ ಸ್ಕಾಟ್ ಎಲ್ಲರಿಗಿಂತಲೂ ಮುಂದಿದ್ದರು. ಆದರೆ ವಿಜಯದ ಬಾವುಟ ಬೀಸಿದುದು ಅವರಿಗಿಂತ ಹಿಂದಿದ್ದ ಬಕ್ ಬೇಕರ್ ಎಂಬವರಿಗೆ. ವರ್ಣಭೇದವು ಬೇರೂರಿದ್ದ ಆ ನಾಡಿನಲ್ಲಿ, ಕೆಲವು ಗಂಟೆಗಳು ಕಳೆದು ಪ್ರೇಕ್ಷಕರು ಚದುರಿದ ಮೇಲೆ, ಸುತ್ತುಗಳ ಲೆಕ್ಕ ತಪ್ಪಿತ್ತೆಂದು ಒಪ್ಪಿ ಅಧಿಕಾರಿಗಳು ಗೆಲುವನ್ನು ಸ್ಕಾಟ್ ಅವರ ಹೆಸರಿಗೆ ಬರೆದರು; ಪಾರಿತೋಷಕವು ಮಾತ್ರ ಅಷ್ಟರಲ್ಲಿ ಬೇಕರ್ ಅವರೊಡನೆ ಹೋಗಿತ್ತು.

1973ರಲ್ಲಿ ಟಲ್ಲಡೇಗಾ ಪಥದಲ್ಲಾದ ಅಪಘಾತದ ಬಳಿಕ ಅವರ ಓಟಕ್ಕೆ ತೆರೆ ಬಿದ್ದಾಗ, ಓಡಿದ 495 ಪಂದ್ಯಗಳಲ್ಲಿ ಗೆಲುವು ಒಂದೇ ಒಂದು. ಆದರೆ ಮೊದಲ ಹತ್ತರೊಳಗೆ ಗುರಿ ಮುಟ್ಟಿದುದು 147 ಸಲ. ಹಾಸಿಗೆಯಿದ್ದಷ್ಟೇ ಕಾಲು ಚಾಚಬೇಕೆಂಬ ಹಿರಿಯರ ಮಾತನ್ನು ನಾವು ಬಹುಶಃ ಆಸೆಗೆ ಕಡಿವಾಣವೆಂದಷ್ಟೇ ತಿಳಿದಿದ್ದೇವೆ. ಇದ್ದ ಹಾಸಿಗೆಯ ಕೊನೆಯ ಅಂಗುಲದವರೆಗೂ ಕಾಲು ಚಾಚುವ ಧೈರ್ಯವೂ ಅದರೊಳಗೇ ಅಡಗಿದೆಯೆಂಬುದನ್ನು ಆ 147 ಎಂಬ ಸಂಖ್ಯೆಯು ತೋರಿಸುತ್ತದೆ. 1990ರಲ್ಲಿ ತೀರಿಕೊಂಡ ಸ್ಕಾಟ್ ಅವರನ್ನು ನಾಸ್ಕಾರ್ ತನ್ನ ಕೀರ್ತಿಮಂದಿರಕ್ಕೆ ಸೇರಿಸಿಕೊಂಡುದು 2015ರಲ್ಲಿ.

ಪರೀಕ್ಷೆಯ ಫಲಿತಾಂಶದ ದಿನ ನಮ್ಮ ಮನೆಗಳಲ್ಲಿಯೂ, ಎಷ್ಟನೆಯ ಸ್ಥಾನವೆಂಬ ಪ್ರಶ್ನೆಯೇ ಮೊದಲು ಏಳುತ್ತದೆ. ಮಕ್ಕಳು ಯಾವ ಸಾಧನವನ್ನಿಟ್ಟುಕೊಂಡು ಅಲ್ಲಿಯವರೆಗೆ ಬಂದರೆಂಬುದನ್ನೂ ದಯವಿಟ್ಟು ಕೇಳೋಣ. ಆ ಉತ್ತರ ದೊರೆಯುವ ತನಕ ಯಾರನ್ನೂ ಹಿಂದುಳಿದವರೆಂದು ಕರೆಯದಿರೋಣ.