ಕಂಪ್ಯೂಟರಿನ ಎರಡು ಪ್ರತಿಗಳು ಮತ್ತು ಕರ್ನಲ್‌ನ ಕಾವಲು



ಕಂಪ್ಯೂಟರ್ ತಪ್ಪು ಮಾಡುವುದಿಲ್ಲ ಎಂಬ ಮಾತನ್ನು ನಾವೆಲ್ಲ ಕೇಳಿದ್ದೇವೆ. ಆದರೆ ಅದರೊಳಗೆ ಒಂದೇ ಮಾಹಿತಿಯ ಎರಡು ಪ್ರತಿಗಳಿದ್ದು, ಅವು ಒಂದಕ್ಕೊಂದು ತಾಳೆಯಾಗದಿದ್ದರೆ ಏನಾದೀತು? ಈ ಬಗ್ಗೆ ನಾಲ್ಕು ಮಾತು ಹೇಳಬಯಸುತ್ತೇನೆ.

ಶಾಲೆಯ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಹಾಜರಿ ಪುಸ್ತಕ ಕಚೇರಿಯಲ್ಲಿದೆ. ಪ್ರತಿ ಸಲ ಅಲ್ಲಿಗೆ ಓಡುವ ಬದಲು ಶಿಕ್ಷಕರು ಚೀಟಿಯಲ್ಲಿ ಗುರುತು ಹಾಕಿಕೊಂಡು, ಆಮೇಲೆ ಪುಸ್ತಕಕ್ಕೆ ಏರಿಸುತ್ತಾರೆ. ಪ್ರೊಸೆಸರ್ ಮಾಡುವುದೂ ಇದನ್ನೇ. ಮುಖ್ಯ ಮೆಮೊರಿ ನಿಧಾನವಾದ್ದರಿಂದ, ಕ್ಯಾಶ್ ಎಂಬ ಸಣ್ಣ, ವೇಗದ ಮೆಮೊರಿಯನ್ನು ಅದು ತನ್ನ ಬಳಿಯೇ ಇಟ್ಟುಕೊಳ್ಳುತ್ತದೆ. ಅಲ್ಲಿ ಮಾಹಿತಿ ‘ಲೈನ್’ ಎಂಬ ತುಂಡುಗಳಲ್ಲಿರುತ್ತದೆ. ಇಂದಿನ ಅನೇಕ ಪ್ರೊಸೆಸರ್‌ಗಳಲ್ಲಿ ಒಂದು ಲೈನ್ ಎಂದರೆ 64 ಬೈಟ್.

ಚೀಟಿಯಲ್ಲಿದ್ದದ್ದು ಪುಸ್ತಕಕ್ಕೆ ಏರುವ ಮೊದಲೇ ಗುಮಾಸ್ತರು ಪುಸ್ತಕ ನೋಡಿ ವರದಿ ಕಳಿಸಿದರೆ? ವರದಿ ತಪ್ಪಾಗುತ್ತದೆ. ಕಂಪ್ಯೂಟರಿನಲ್ಲಿ ಈ ಗುಮಾಸ್ತರೆಂದರೆ ನೆಟ್‌ವರ್ಕ್ ಕಾರ್ಡ್, ಡಿಸ್ಕ್ ಮುಂತಾದ ಸಾಧನಗಳು. ಡಿಎಂಎ ಎಂಬ ವಿಧಾನದಿಂದ ಅವು ಮುಖ್ಯ ಮೆಮೊರಿಯನ್ನು ನೇರವಾಗಿ ಓದಿ ಬರೆಯುತ್ತವೆ. ಮೇಜಿನ ಮೇಲಿನ ಸಾಮಾನ್ಯ ಪಿಸಿಗಳಲ್ಲಿ ಪ್ರತಿಗಳನ್ನು ಹೊಂದಿಸುವ ಕೆಲಸವನ್ನು ಯಂತ್ರಾಂಶವೇ ಮಾಡುತ್ತದೆ. ಆದರೆ ಆರ್ಮ್, ಮಿಪ್ಸ್ ಮಾದರಿಯ ಅನೇಕ ಚಿಪ್‌ಗಳಲ್ಲಿ ಆ ಹೊಣೆ ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್‌ನದು.

1991ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಆರಂಭಿಸಿದ ಲಿನಕ್ಸ್ ಕರ್ನಲ್ ಇದಕ್ಕೆ ಪಾಲಿಸುವ ನಿಯಮ ಸರಳ: ಮೆಮೊರಿಯ ಆ ಭಾಗ ಒಂದು ಹೊತ್ತಿಗೆ ಒಬ್ಬರ ವಶದಲ್ಲಿರಬೇಕು. ಸಾಧನಕ್ಕೆ ಒಪ್ಪಿಸುವಾಗ ಡ್ರೈವರ್ ‘ಮ್ಯಾಪ್’ ಎಂದು ಕೇಳುತ್ತದೆ. ಕಳಿಸಬೇಕಾದ ಹೊಸ ಬರಹವನ್ನು ಕರ್ನಲ್ ಕ್ಯಾಶ್‌ನಿಂದ ಮೆಮೊರಿಗೆ ಇಳಿಸುತ್ತದೆ. ಸಾಧನ ಬರೆದು ಮುಗಿಸಿದ ಮೇಲೆ ‘ಅನ್‌ಮ್ಯಾಪ್’; ಆಗ ಹಳೆಯ ಪ್ರತಿ ಕ್ಯಾಶ್‌ನಲ್ಲಿ ಉಳಿಯದಂತೆ ನೋಡಿಕೊಳ್ಳುತ್ತದೆ.

ಇನ್ನೊಂದು ಅಪಾಯವಿದೆ. ಸಾಧನದ ಮಾಹಿತಿ ಮತ್ತು ಬೇರೆ ಮಾಹಿತಿ ಒಂದೇ ಲೈನ್‌ನಲ್ಲಿದ್ದರೆ, ಹಳೆಯದನ್ನು ರದ್ದುಮಾಡುವಾಗ ನೆರೆಯ ಹೊಸ ಬರಹವೂ ಅಳಿಸಿಹೋಗಬಹುದು. ಆದ್ದರಿಂದ ಎರಡನ್ನೂ ಬೇರೆ ಬೇರೆ ಲೈನ್‌ಗಳಲ್ಲಿ ಇಡಬೇಕು.

ಈ ನಿಯಮ ತಪ್ಪಿದರೆ ಪರದೆಯ ಮೇಲೆ ಎಚ್ಚರಿಕೆ ಮೂಡದೆಯೂ ಇರಬಹುದು. ಸಾವಿರ ಸಲ ಸರಿಯಾಗಿ ನಡೆದ ಕೆಲಸ ಒಮ್ಮೆ ಕೆಡುತ್ತದೆ; ಕಡತದಲ್ಲಿ ಸದ್ದಿಲ್ಲದೆ ತಪ್ಪು ಅಂಕಿ ಸೇರುತ್ತದೆ. ಪಿಸಿಯಲ್ಲಿ ಚೆನ್ನಾಗಿ ಓಡಿದ ಡ್ರೈವರ್ ಬೇರೆ ಚಿಪ್‌ನಲ್ಲಿ ಸೋಲುವುದೂ ಇದರಿಂದಲೇ.

ವಿದ್ಯಾರ್ಥಿಗಳೇ, ನಿಮ್ಮಲ್ಲಿ ಕೆಲವರು ನಾಳೆ ಇಂಥ ಪ್ರೋಗ್ರಾಂ ಬರೆಯುವವರು. ‘ನನ್ನ ಕಂಪ್ಯೂಟರಿನಲ್ಲಿ ಓಡಿತು’ ಎಂಬುದಕ್ಕೇ ತೃಪ್ತರಾಗಬೇಡಿ. ಈಗ ಈ ಮಾಹಿತಿ ಯಾರ ವಶದಲ್ಲಿದೆ, ಹೊಸ ಪ್ರತಿ ಎಲ್ಲಿದೆ ಎಂದು ಕೇಳಿಕೊಳ್ಳಿ.